ಗಡಿಯಲ್ಲಿ ನಿಲ್ಲುವ ಸರ್ಟಿಫಿಕೇಟು

ದಲಿತ ವಿಮರ್ಶೆ ಅರ್ಜಿ ನಮೂನೆಯನ್ನೂ ಓದಬೇಕೆಂದು ನನಗನ್ನಿಸಿದ್ದು ಶಿರಸಿಯಲ್ಲಿ. ಎಂ.ಎ.ಗೆ ಅರ್ಜಿ ಹಾಕಲು ಹೊರಟ ಸಿದ್ದಾಪುರದ ಕಡೆಯ ಹುಡುಗಿಯೊಬ್ಬಳು ಕೇಳಿದಳು: 'ಸರ್, ಹೊರರಾಜ್ಯದಲ್ಲಿ ನಮ್ ಜಾತಿ ಸರ್ಟಿಫಿಕೇಟು ನಡೀತದಾ?'

ಉತ್ತರ ಎರಡು. ವಿಶ್ವವಿದ್ಯಾಲಯ ಆ ರಾಜ್ಯದ್ದಾದರೆ, ಮೀಸಲಾತಿಗೆ ಸಾಮಾನ್ಯವಾಗಿ ನಡೆಯೋದಿಲ್ಲ. ಸಂವಿಧಾನದ 341, 342ನೇ ವಿಧಿಗಳಡಿ ಪಟ್ಟಿಗಳು ರಾಜ್ಯವಾರು. ಅದೇ ಹೆಸರಿನ ಸಮುದಾಯ ಅಲ್ಲಿಯ ಪಟ್ಟಿಯಲ್ಲಿದ್ದರೂ ವಲಸೆ ಬಂದವರಿಗೆ ಆ ಸೌಲಭ್ಯ ದಕ್ಕದೆಂದು 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಹೈದರಾಬಾದ್ ವಿಶ್ವವಿದ್ಯಾಲಯ, ಜೆಎನ್‌ಯುಗಳಂಥ ಕೇಂದ್ರೀಯ ಸಂಸ್ಥೆಗಳಲ್ಲಿ ನಡೆಯುತ್ತದೆ. 2006ರ ಕಾಯ್ದೆಯಂತೆ ಅಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 7.5 ಸೀಟು, ಯಾವ ರಾಜ್ಯದವರಾದರೂ ಸರಿ.

ಪಟ್ಟಿಗೆ ಜಿಲ್ಲೆಯ ಗಡಿಯೂ ಇರುತ್ತದೆ. ಯಲ್ಲಾಪುರವೂ ಸೇರಿದಂತೆ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡವಾದದ್ದು 2003ರಲ್ಲಿ. ಪಕ್ಕದ ಧಾರವಾಡ, ಬೆಳಗಾವಿಯ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು.

ಆದ್ದರಿಂದ ಗೆಳೆಯರೇ, ವಿಶ್ವವಿದ್ಯಾಲಯ ರಾಜ್ಯದ್ದೋ ಕೇಂದ್ರದ್ದೋ ಮೊದಲು ನೋಡಿ. ಕೇಂದ್ರದ್ದಾದರೆ ತಹಶೀಲ್ದಾರರಿಂದ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ತಗೊಳ್ಳಿ.

ಗೋವಾಕ್ಕೆ ಹೊರಟರೆ ಮಾಜಾಳಿಯ ಗಡಿಯಲ್ಲಿ ಸರ್ಟಿಫಿಕೇಟು ನಿಲ್ಲುತ್ತದೆ. ಜಾತಿ ನಿಲ್ಲುವುದಿಲ್ಲ. ನಾವು ಬಾಡಿಗೆ ಕೋಣೆ ಕೇಳುವ ಮನೆಯಲ್ಲಿ ಅದು ಮೊದಲೇ ಹೋಗಿ ಕೂತಿರ್ತದೆ.