ಹಳೆಯ ಗುಳಿಗೆ, ಹೊಸ ಕಾಯಿಲೆ

ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಯಜಮಾನರಿಗೆ ರಕ್ತದೊತ್ತಡ ಕಾಣಿಸಿಕೊಂಡು ಹತ್ತು ವರ್ಷ. ಬೆಳಗಿನ ಕಾಫಿಯಾದೊಡನೆ ಗುಳಿಗೆಯೊಂದನ್ನು ನುಂಗಿ ಮಗ್ಗದ ಬಳಿಗೆ ಹೋಗುವುದು ಅವರ ಕ್ರಮ. ಈಚೆಗೆ ಹೊಟ್ಟೆ ಉಬ್ಬಿ ಕಾಲು ಊದಿಕೊಂಡವು. ಜನರು ಲಿವರ್ ಎನ್ನುವ ಯಕೃತ್ತು ಗಡುಸಾಗಿದೆಯೆಂದು ಪರೀಕ್ಷೆಯಿಂದ ತಿಳಿಯಿತು. ಹೊಸ ಕಾಯಿಲೆಗೆ ಹೊಸ ಔಷಧಿ ಬಂದಿತು. ಹಳೆಯ ಗುಳಿಗೆಯ ಮಾತನ್ನು ಮನೆಯವರು ಎತ್ತಲೇ ಇಲ್ಲ. ಅಪಾಯವಿರುವುದು ಇಲ್ಲಿಯೇ.

ನುಂಗಿದ ಔಷಧಿ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ನೆಲಮಂಗಲದ ಹೆದ್ದಾರಿಯಲ್ಲಿ ಸುಂಕ ವಸೂಲಿಗೆ ಗಾಡಿಗಳನ್ನು ತಡೆಯುವಂತೆ ಯಕೃತ್ತು ಔಷಧಿಯನ್ನು ತಡೆದು, ಅದರ ಒಂದು ಪಾಲನ್ನು ಕಳೆದು ಮುಂದಕ್ಕೆ ಬಿಡುತ್ತದೆ. ಯಕೃತ್ತು ಸೋತಾಗ ಈ ತಡೆ ಸಡಿಲವಾಗುತ್ತದೆ. ಆಮೇಲೆ ಅಮ್ಲೋಡಿಪಿನ್‌ನಂಥ ಗುಳಿಗೆ ಮೊದಲಿಗಿಂತ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ. ಅದರಿಂದಲೇ ಪಾದಗಳು ಊದುವುದೂ ಉಂಟು. ಇದಲ್ಲದೆ, ಯಕೃತ್ತಿನ ಕಾಯಿಲೆ ಬಲಿತಂತೆ ರಕ್ತದೊತ್ತಡ ತಾನಾಗಿಯೇ ಇಳಿಯತೊಡಗುತ್ತದೆ. ನಿನ್ನೆ ಹಿತವಾಗಿದ್ದ ಪ್ರಮಾಣ ಇಂದು ಅತಿಯಾಗಬಹುದು.

ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಎನಲಾಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಮೊದಲಾದವನ್ನು ವೈದ್ಯರು ಸಾಮಾನ್ಯವಾಗಿ ಕೊಡುವುದಿಲ್ಲ. ಅವುಗಳಿಂದ ಮೂತ್ರಪಿಂಡ ಕೆಡುವ ಭಯವಿದೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಸಹ ಅದೇ ಕೇಡನ್ನು ತರಬಲ್ಲವು.

ಆದರೆ ಒತ್ತಡದ ಔಷಧಿಗಳೆಲ್ಲ ಯಕೃತ್ತಿಗೆ ಶತ್ರುಗಳಲ್ಲ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಕ್ಕಾಗಿ ರೂಪಿಸಿದ ಪ್ರೊಪ್ರನೊಲಾಲ್, ಯಕೃತ್ತಿಗೆ ರಕ್ತ ತರುವ ನಾಳದ ಒತ್ತಡವನ್ನೂ ತಗ್ಗಿಸುತ್ತದೆ. ಅದರಿಂದ ರಕ್ತವಾಂತಿ ಮರುಕಳಿಸುವುದನ್ನು ತಡೆಯಬಹುದೆಂದು ಫ್ರಾನ್ಸಿನ ಲೆಬ್ರೆಕ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದರು. ಇಂದು ಕಾರ್ವೆಡಿಲಾಲ್ ಸಹ ಇದೇ ಕೆಲಸಕ್ಕೆ ಬಳಕೆಯಲ್ಲಿದೆ. ಇವನ್ನೂ ಸಣ್ಣ ಪ್ರಮಾಣದಲ್ಲಿ ಆರಂಭಿಸಬೇಕು; ಒತ್ತಡದ ಮೇಲಿನ ಅಂಕಿ 90ಕ್ಕಿಂತ ಕೆಳಗಿಳಿದರೆ ವೈದ್ಯರು ಪ್ರಮಾಣವನ್ನು ಕಡಮೆ ಮಾಡುತ್ತಾರೆ, ಇಲ್ಲವೆ ನಿಲ್ಲಿಸುತ್ತಾರೆ. ರೋಗಿಯೇ ಹೆದರಿ ಥಟ್ಟನೆ ನಿಲ್ಲಿಸುವುದೂ ತಪ್ಪೇ.

ಆದ್ದರಿಂದ ಯಕೃತ್ತಿನ ಕಾಯಿಲೆಯೆಂದು ತಿಳಿದ ದಿನವೇ ಮನೆಯಲ್ಲಿರುವ ಗುಳಿಗೆಗಳನ್ನು, ನಾಟಿ ಔಷಧಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಯ್ದು ವೈದ್ಯರಿಗೆ ತೋರಿಸಬೇಕು. ಎದ್ದು ನಿಂತಾಗ ತಲೆ ತಿರುಗುವುದು, ಮೂತ್ರ ಕಡಮೆಯಾಗುವುದು, ಮಲ ಕಪ್ಪಾಗುವುದು, ಮಾತು ತಡವರಿಸುವುದು—ಇವುಗಳಲ್ಲಿ ಒಂದು ಕಂಡರೂ ಮರುದಿನಕ್ಕೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.