ಮರೆತ ಕೈಗೆ ಕೆಲಸ ಕೊಡಿ

ವಾಸ್ಕೊ, ಝುವಾರಿನಗರ, ಮಡಗಾಂವಗಳಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಅನೇಕವು ಉತ್ತರ ಕರ್ನಾಟಕದಿಂದ ದುಡಿಮೆಯನ್ನು ಅರಸಿ ಬಂದವು. ತೋಳಿನ ಬಲವೇ ಇವರಿಗೆ ಅನ್ನದ ದಾರಿ. ಹೀಗಿರುವಾಗ ಕೂಸಿನ ಒಂದು ಪಾರ್ಶ್ವಕ್ಕೆ ಲಕ್ವ ತಗುಲಿದೆಯೆಂದು ತಿಳಿದರೆ ಹೆತ್ತವರ ಎದೆ ನಡುಗುವುದು ಸಹಜ. ಆದರೆ ಹಣೆಬರಹವೆಂದು ಆ ಕೈಯನ್ನು ಕೈಬಿಡುವುದು ತರವಲ್ಲ.

ಮಿದುಳಿನ ಎಡಭಾಗವು ದೇಹದ ಬಲಪಾರ್ಶ್ವವನ್ನೂ, ಬಲಭಾಗವು ಎಡಪಾರ್ಶ್ವವನ್ನೂ ನಡೆಸುತ್ತದೆ. ಜನನಕ್ಕೆ ಮುನ್ನ ಅಥವಾ ಆ ಸಮಯದಲ್ಲಿ ಮಿದುಳಿನ ಒಂದು ಭಾಗಕ್ಕೆ ರಕ್ತ ತಲುಪದಿದ್ದರೆ, ಇಲ್ಲವೆ ಮುಂದೆ ಮಿದುಳಿನ ಸೋಂಕು, ತಲೆಗೆ ಪೆಟ್ಟು ಉಂಟಾದರೆ ಹೀಗಾಗಬಹುದು. ಇದು ಗ್ರಹಣದ ದೋಷವಲ್ಲ, ತಾಯಿಯ ಪಾಪವೂ ಅಲ್ಲ. ವರ್ಷ ತುಂಬುವ ಮೊದಲೇ ಕೂಸು ಒಂದೇ ಕೈಯನ್ನು ಚಾಚುತ್ತಿದ್ದು, ಇನ್ನೊಂದನ್ನು ಮುಷ್ಟಿ ಬಿಗಿದೇ ಇಟ್ಟಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮುಂದಿನ ತೊಡಕು ಬೇರೆ. ಒಳ್ಳೆಯ ಕೈ ಎಲ್ಲ ಕೆಲಸವನ್ನೂ ಮುಗಿಸಿಬಿಡುವುದರಿಂದ ಮಗು ಸೋತ ಕೈಯನ್ನು ಮರೆತೇಬಿಡುತ್ತದೆ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟೌಬ್ ಇಂಥ ಮರೆವನ್ನು ಮೊದಲು ಕೋತಿಗಳಲ್ಲಿ ಕಂಡರು. ಬಲವುಳ್ಳ ಕೈಯನ್ನು ದಿನಕ್ಕೆ ಕೆಲವು ಗಂಟೆ ತಡೆದಿಟ್ಟು, ಸೋತ ಕೈಯಿಂದಲೇ ಆಟ ಆಡಿಸುವ ಚಿಕಿತ್ಸೆ ಮುಂದೆ ಅದರಿಂದ ಬೆಳೆಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಗಾರ್ಡನ್ ಮತ್ತು ಸಂಗಡಿಗರು ಎರಡೂ ಕೈಗಳನ್ನು ಕೂಡಿಸುವ ಅಭ್ಯಾಸವನ್ನು ರೂಪಿಸಿದರು: ದಿನಕ್ಕೆ 6 ಗಂಟೆಯಂತೆ 15 ದಿನ, ಒಟ್ಟು 90 ಗಂಟೆ. ಎರಡರಿಂದಲೂ ಫಲ ದೊರೆತಿದೆ. ಮಗು ತಾನಾಗಿ ಮಾಡುವ ಅಭ್ಯಾಸವೇ ಇಲ್ಲಿ ಮುಖ್ಯ. ಬರಿದೆ ಎಣ್ಣೆ ತಿಕ್ಕುವುದರಿಂದ ಕೈ ಕೆಲಸ ಕಲಿಯದು. ಆದರೆ ಒಳ್ಳೆಯ ಕೈಯನ್ನು ಮನೆಯಲ್ಲಿ ತಾವಾಗಿಯೇ ಕಟ್ಟಿಹಾಕಬಾರದು; ಚಿಕಿತ್ಸಕರ ಸಲಹೆ ಅವಶ್ಯ.

ಮನೆಯಲ್ಲಿಯೇ ಆಗಬಹುದಾದ ಅಭ್ಯಾಸಗಳು ಹಲವು. ಜೋಳದ ರೊಟ್ಟಿಯ ಹಿಟ್ಟು ನಾದುವಾಗ ಮಗುವಿಗೊಂದು ಸಣ್ಣ ಉಂಡೆ ಕೊಡಿ. ಎರಡೂ ಅಂಗೈಗಳಿಂದ ತಟ್ಟಲಿ. ಹಸಿ ಶೇಂಗಾ ಸುಲಿಯಲಿ, ಡಬ್ಬಿಯ ಮುಚ್ಚಳ ತೆಗೆಯಲಿ, ಅಂಗಿಯ ಗುಂಡಿ ಹಾಕಿಕೊಳ್ಳಲಿ. ಹೊತ್ತಾದರೂ ಚಿಂತೆಯಿಲ್ಲ, ಅವಸರದಲ್ಲಿ ತಾಯಿಯೇ ಮಾಡಿಕೊಟ್ಟರೆ ಅಂದಿನ ಪಾಠ ತಪ್ಪಿತು. ಶಾಲೆಯಲ್ಲಿ ಒಂದು ಕೈ ಬರೆಯುವಾಗ ಇನ್ನೊಂದು ಕೈ ಪುಸ್ತಕವನ್ನು ಒತ್ತಿ ಹಿಡಿಯಲಿ. 'ಸೊಟ್ಟ ಕೈಯವ' ಎಂಬ ಹೆಸರು ತರಗತಿಯಲ್ಲಿ ಕೇಳಿಬರದಂತೆ ನೋಡಿಕೊಳ್ಳುವ ಹೊಣೆ ನಾವು ಶಿಕ್ಷಕರದು.

ಸಹಾಯಕ್ಕೆ ಊರಿಗೇ ಮರಳಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರಕಾರಿ ಶಾಲೆಗಳ ಮಕ್ಕಳ ತಪಾಸಣೆ ನಡೆಯುತ್ತದೆ. ಅಲ್ಲಿ ಮಗುವಿನ ಕೈಯನ್ನು ಮರೆಮಾಡದೆ ತೋರಿಸಿರಿ. 1842ರಲ್ಲಿ ಪಣಜಿಯಲ್ಲಿ ಆರಂಭವಾದ ವೈದ್ಯಶಾಲೆಯೇ ಇಂದು ಬಾಂಬೋಳಿಯ ಗೋವಾ ವೈದ್ಯಕೀಯ ಮಹಾವಿದ್ಯಾಲಯವಾಗಿದೆ. ಅಲ್ಲಿಯ ಆಸ್ಪತ್ರೆಯಲ್ಲಿಯೂ ವಿಚಾರಿಸಬಹುದು. ಒಂದು ದಿನದ ಕೂಲಿ ತಪ್ಪುವುದು ಬಡವರಿಗೆ ಸಣ್ಣ ನಷ್ಟವಲ್ಲವೆಂದು ನಾವು ಬಲ್ಲೆವು. ಆದರೂ ಎಳೆಯ ವಯಸ್ಸಿನಲ್ಲಿ ಕಳೆದ ಕಾಲ ಮರಳಿ ಬಾರದು.

ಕೈ ಪೂರ್ಣ ಗುಣವಾಗುವುದೆಂದು ಯಾರೂ ಮಾತು ಕೊಡಲಾರರು. ಆದರೆ ತಟ್ಟೆ ಹಿಡಿಯಬಲ್ಲ, ಪಾಟಿಚೀಲ ಎತ್ತಬಲ್ಲ ಸಹಾಯದ ಕೈಯಾದರೂ ಮಗುವಿನ ಬಾಳು ಹಗುರಾಗುತ್ತದೆ. ಅದಕ್ಕಾಗಿ ಆ ಕೈಗೆ ದಿನವೂ ಒಂದಿಷ್ಟು ಕೆಲಸ ಸಿಗಲಿ.