ಪಂಜರದ ಇಲಿಯೂ ನಮ್ಮ ಮನೆಯ ಮಗನೂ

ಕಳೆದ ಕೂಟದ ದಿನ ಭಾಂಡುಪ್‌ನ ಸೋದರಿಯೊಬ್ಬರು ನಮ್ಮನ್ನು ಬದಿಗೆ ಕರೆದು ಕೇಳಿದರು: "ನೆರೆಮನೆಯ ಹುಡುಗ ಗರ್ದ್ ಸೇದುತ್ತಾನೆ. ಮೂರು ಸಲ ದೇವರ ಮುಂದೆ ಆಣೆಯಿಟ್ಟು ಮೂರು ಸಲವೂ ಮುರಿದ. ಊರಿಗೊಯ್ದು ಕೋಣೆಯಲ್ಲಿ ಕೂಡಿಹಾಕುತ್ತಾರಂತೆ. ಸರಿಯೇ?"

ಗರ್ದ್ ಎಂದರೆ ಕಚ್ಚಾ ಹೆರಾಯಿನ್, ಅಫೀಮಿನ ಕುಲದ್ದು. ಉತ್ತರ ಅರಸುತ್ತ ಹೊರಟ ನಮಗೆ ಎದುರಾದದ್ದು ಇಲಿ!

1954ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿನಲ್ಲಿ ಸಣ್ಣ ತಂತಿಯನ್ನಿರಿಸಿದರು. ಸನ್ನೆಗೋಲನ್ನು ಒತ್ತಿದರೆ ತುಸು ವಿದ್ಯುತ್ತು ಹರಿಯುವ ಏರ್ಪಾಡು. ಇಲಿ ಗಂಟೆಗೆ ನೂರಾರು ಸಲ ಒತ್ತಿತು. ಹಸಿದಾಗ ಉಣ್ಣು, ಬಾಯಾರಿದಾಗ ಕುಡಿ ಎಂದು ಜೀವಿಯನ್ನು ಪ್ರೇರಿಸುವ ಸುಖದ ದಾರಿಯೊಂದು ಮಿದುಳಿನಲ್ಲಿದೆ. ಅಫೀಮು ಹಿಡಿಯುವುದೂ ಆ ದಾರಿಯನ್ನೇ. ಮುಂದೆ ಇಲಿಗಳು ಸನ್ನೆಗೋಲೊತ್ತಿ ಮಾರ್ಫಿನನ್ನು ತಾವೇ ರಕ್ತಕ್ಕೆ ತೆಗೆದುಕೊಂಡುದನ್ನೂ ವಿಜ್ಞಾನಿಗಳು ಕಂಡರು. ಇಲಿಗೆ ಕೆಟ್ಟ ಸಹವಾಸವೆಲ್ಲಿ, ದುರ್ಬುದ್ಧಿಯೆಲ್ಲಿ?

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಶಂಕರನಾರಾಯಣ ರಾವ್, ದೇಶಿರಾಜು, ರಾಜು ಇವರು 1993ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೂ ಕುತೂಹಲಕರ. ಅಲ್ಲಿ ಅಫೀಮಿರಲಿಲ್ಲ, ವಿದ್ಯುತ್ತಿನ ಸುಖವಷ್ಟೇ. ದಿನಕ್ಕೊಂದು ಗಂಟೆಯಂತೆ ಹತ್ತು ದಿನ ಅದನ್ನುಂಡ ಇಲಿಗಳ ನರಕೋಶಗಳ ಕವಲುಗಳೇ ಹೆಚ್ಚಿದ್ದವು. ಸುಖದ ಅನುಭವ ಮಿದುಳಿನ ರಚನೆಯನ್ನೇ ಬದಲಿಸಬಲ್ಲದು. ಬರಿಯ ಆಣೆಯಿಂದ ಅದು ಅಳಿದೀತೇ?

ಇನ್ನು ಕೋಣೆಯ ಮಾತು. 1970ರ ದಶಕದ ಕೊನೆಯಲ್ಲಿ ಕೆನಡಾದ ಬ್ರೂಸ್ ಅಲೆಕ್ಸಾಂಡರ್ ಕೆಲವು ಇಲಿಗಳನ್ನು ಒಂಟಿ ಪಂಜರದಲ್ಲಿಯೂ, ಕೆಲವನ್ನು ಜೊತೆಗಾರರೊಡನೆ ವಿಶಾಲವಾದ ಅಂಗಳದಲ್ಲಿಯೂ ಇರಿಸಿದರು. ಒಂಟಿ ಇಲಿಗಳೇ ಮಾರ್ಫಿನ್ ನೀರನ್ನು ಹೆಚ್ಚು ಕುಡಿದವು. ಮುಂದಿನ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಇದೇ ಫಲ ಬರಲಿಲ್ಲವೆಂಬುದನ್ನೂ ಹೇಳಬೇಕು. ಮೇಲಾಗಿ ಮನುಷ್ಯ ಇಲಿಯಲ್ಲ. ಅವನಿಗೆ ಸಾಲವುಂಟು, ನಾಚಿಕೆಯುಂಟು, ತಾಯಿಯ ಕಣ್ಣೀರಿನ ಅರಿವುಂಟು.

ಆದರೆ ಒಂದು ಮಾತು ನಿಶ್ಚಯ. ಕೆಲಕಾಲ ಬಿಟ್ಟವನ ದೇಹ ಆ ಮದ್ದನ್ನು ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕೋಣೆಯಿಂದ ಹೊರಬಂದು ಹಳೆಯ ಪ್ರಮಾಣವನ್ನೇ ಸೇದಿದರೆ ಪ್ರಾಣಕ್ಕೇ ಅಪಾಯ. ಬ್ಯೂಪ್ರಿನಾರ್ಫಿನ್‌ನಂತಹ ಔಷಧಗಳು ವೈದ್ಯರ ಕೈಯಲ್ಲಿವೆ. ಅವು ಹಂಬಲವನ್ನು ತಗ್ಗಿಸುತ್ತವೆ. ಸರಕಾರದ 14446 ಎಂಬ ಸಂಖ್ಯೆಗೆ ಕರೆಮಾಡಿ ಸಲಹೆ ಕೇಳಬಹುದು, ಹಣ ಕೊಡಬೇಕಾಗಿಲ್ಲ.

ಸೋದರಿಗೆ ನಾವು ಹೇಳಿದ್ದಿಷ್ಟೆ: ಬೀಗ ಬೇಡ, ವೈದ್ಯರು ಬೇಕು, ಮನೆಗೆ ಮರಳಿದ ಮೇಲೆ ಪಂಕ್ತಿಯಲ್ಲಿ ಅವನಿಗೂ ಒಂದು ಎಲೆ ಹಾಕಲಿ.